ತಾರಸಿಯ ಮೇಲಿನ ಕೂಗು

“ಗುರುಗಳೇ, ಕಿವಿಗೆ ಬಿದ್ದದ್ದು ಮನಸ್ಸಿಗೆ ತಾಗದಂತೆ ಇರುವುದು ಹೇಗೆ?” ಎಂದು ಶ್ರೀಪತಿ ಕೇಳಿದ.

ಪ್ರಶ್ನೆ ಗಹನವಾಗಿತ್ತು, ಅದರ ಕಾರಣ ತಾರಸಿಯ ಮೇಲಿತ್ತು. ಮಠ ಬಂದರಿಗೆ ಹತ್ತಿರ. ತಾರಸಿಯಲ್ಲಿ ಒಣಗಲು ಹಾಕಿದ ಮಡಿಬಟ್ಟೆಯ ಮೇಲೆ ಕಡಲಹಕ್ಕಿಗಳು ಹಿಕ್ಕೆ ಹಾಕುತ್ತಿದ್ದವು. ಮೇಲೆ ನೈಲಾನ್ ಬಲೆ ಕಟ್ಟಿಸೋಣವೆಂದು ಸೂಚಿಸಿದವನು ಶ್ರೀಪತಿಯೇ. ಎಲ್ಲರೂ ಅವನ ಬುದ್ಧಿಯನ್ನು ಹೊಗಳಿದ್ದರು. ಈಗ ಬೆಳಗಿನಿಂದ ಒಂದು ಹಕ್ಕಿ ಅದರಲ್ಲಿ ರೆಕ್ಕೆ ಸಿಕ್ಕಿಸಿಕೊಂಡು ಕೂಗುತ್ತಿತ್ತು. ಮಠದಲ್ಲಿ ಮೀನೂ ಬೇಯುವುದಿಲ್ಲ, ಹಕ್ಕಿಯೂ ಬೇಯುವುದಿಲ್ಲ, ಬಲೆ ಹಾಕಿ ಏನು ಹಿಡಿದ ಹಾಗಾಯಿತು ಸ್ವಾಮೀ ಎಂದು ಅಡುಗೆಯವರು ಕೆಣಕಿದ್ದರು. ಹಕ್ಕಿಯನ್ನು ಬಿಡಿಸಬೇಕಾದರೆ ಬಲೆ ಕತ್ತರಿಸಬೇಕು. ಕತ್ತರಿಸಿದರೆ ಅದರ ಜೊತೆಗೆ ಹೊಗಳಿಕೆಯೂ ಹೋಗುತ್ತದೆ. ಶ್ರೀಪತಿ ಜಪಕ್ಕೆ ಕೂತ, ಎದ್ದ, ಜಗಲಿಯಲ್ಲಿ ಅಡ್ಡಾಡಿದ, ಮತ್ತೆ ಕೂತ. ಕೊನೆಗೆ ಇದು ವೇದಾಂತದ ಸಮಸ್ಯೆಯೇ ಎಂದು ತೀರ್ಮಾನಿಸಿ ಗುರುಗಳ ಬಳಿಗೆ ಬಂದಿದ್ದ.

ಗುರುಗಳು ಒಮ್ಮೆ ಸೂರಿನತ್ತ ನೋಡಿ ಕತೆ ಶುರುಮಾಡಿದರು.

ಒಬ್ಬ ವರ್ತಕನಿದ್ದ. ಅವನ ಮಾಳಿಗೆಗೂ ಬಲೆ ಕಟ್ಟಿತ್ತು. ಅದಕ್ಕೂ ಒಂದು ಹಕ್ಕಿ ಸಿಕ್ಕಿಬಿತ್ತು. ಕೂಗು ಕೇಳಿ ಕೇಳಿ ವರ್ತಕನಿಗೆ ಊಟ ಸೇರಲಿಲ್ಲ. ಕಿಟಕಿಗಳನ್ನು ಮುಚ್ಚಿಸಿದ. ಒಳಕೋಣೆಗೆ ಹೋಗಿ ಕೂತ. ಅಲ್ಲಿಗೂ ಕೇಳಿಸಿತು. ಮೇಲೆ ಹತ್ತಿ ಅದನ್ನು ಬಿಡಿಸಬಾರದೇ ಎಂದಳು ಹೆಂಡತಿ.

“ನಾನೇನು ಅದನ್ನು ಕರೆದು ಸಿಕ್ಕಿಸಿದೆನೇ?” ಎಂದ ವರ್ತಕ.

“ನೀವು ಕರೆಯಲಿಲ್ಲ. ಈಗ ಅದು ನಿಮ್ಮನ್ನು ಕರೆಯುತ್ತಿದೆ.”

ವರ್ತಕ ಒಬ್ಬ ಪಂಡಿತನಿಗೆ ಹೇಳಿಕಳಿಸಿದ. ಪಂಡಿತ ಬಂದು, ಶಬ್ದ ಕಿವಿಗೆ ಸೇರಿದ್ದು, ಆತ್ಮಕ್ಕೆ ಕಿವಿಯಿಲ್ಲ ಎಂದು ಬೋಧಿಸಿದ. ವರ್ತಕ ಕಣ್ಣು ಮುಚ್ಚಿ ಸಾಧನೆಗೆ ಕೂತ. ಮೊದಲ ದಿನ ಕೂಗು ಜೋರಾಗಿ ಕೇಳಿಸಿತು. ಮರುದಿನ ಸಣ್ಣದಾಯಿತು. ಅದರ ಮರುದಿನ ಏನೂ ಕೇಳಿಸಲಿಲ್ಲ. ವರ್ತಕ ಪಂಡಿತನ ಕಾಲಿಗೆ ಬಿದ್ದು ಶಾಲು ಹೊದಿಸಿದ. ಇಷ್ಟು ಬೇಗ ಸಿದ್ಧಿ ಪಡೆದವರನ್ನು ತಾನು ಕಂಡಿಲ್ಲವೆಂದು ಪಂಡಿತನೂ ಹೇಳಿದ. ಹೆಂಡತಿ ಮಾತ್ರ, ಸಾವಾದ ಮನೆಯಲ್ಲಿ ಮಾಡುವಂತೆ, ಅಂದು ಒಲೆ ಹಚ್ಚಲಿಲ್ಲ.

ಕತೆ ಅಲ್ಲಿಗೆ ನಿಂತಿತು. ತಾರಸಿಯಿಂದ ಕೂಗು ಇನ್ನೂ ಬರುತ್ತಿತ್ತು, ಬೆಳಗಿನಷ್ಟು ಜೋರಾಗಿ ಅಲ್ಲ. ಶ್ರೀಪತಿ ತರ್ಕ ಓದಿದವನು. ಅರ್ಥ ಹೊಳೆದರೆ ಸುಮ್ಮನಿರಲಾರ.

“ತಿಳಿಯಿತು ಗುರುಗಳೇ. ಹಕ್ಕಿಯೆಂದರೆ ಜೀವ. ಬಲೆಯೆಂದರೆ ಮಾಯೆ. ಇನ್ನು ವರ್ತಕನೆಂದರೆ...”

ಗುರುಗಳು ಅವನನ್ನು ಮುಗಿಸಲು ಬಿಡಲಿಲ್ಲ.

“ಹಕ್ಕಿಯೆಂದರೆ ಹಕ್ಕಿ, ಶ್ರೀಪತಿ, ಕೂಗು ನಿಲ್ಲುವ ಮೊದಲು ಮೇಲೆ ಹತ್ತು.”