ಹಲಗೆ ಕೊಟ್ಟ ಬೆಳಕು

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲಂಡನ್ನಿನ ಒಂದು ಅಚ್ಚುಕೂಟದಲ್ಲಿ ಮಕ್ಕಳ ಕಥೆಪುಸ್ತಕಕ್ಕೆ ಚಿತ್ರ ಸಿದ್ಧವಾಗುತ್ತಿತ್ತು. ಕಾಡಿನಲ್ಲಿ ಲಾಂದ್ರ ಹಿಡಿದು ನಿಂತ ಹುಡುಗಿಯನ್ನು ಚಿತ್ರಕಾರ ನುಣುಪಾದ ಮರದ ಹಲಗೆಯ ಮೇಲೆ ಪೆನ್ಸಿಲಿನಿಂದ ಬರೆದಿದ್ದ. ಅದನ್ನು ಕೆತ್ತುವ ಕೆಲಸ ಕೆತ್ತನೆಗಾರನ ಕೈಯ ಉಳಿಯ ಪಾಲಿಗೆ ಬಂದಿತ್ತು.

ಹುಡುಗಿಯ ಮುಖ ಮೂಡುವವರೆಗೆ ಹಲಗೆ ಹೇಗೋ ತಡೆದುಕೊಂಡಿತು. ಆಮೇಲೆ ಸಿಡುಕಿತು: "ಸಾಕು, ನಿಲ್ಲಿಸು. ಎಷ್ಟೋ ಕಾಲ ಬೆಳೆದು ಗಟ್ಟಿಯಾದ ಮೈ ಇದು. ನಿನಗೇಕೆ ಕೊಡಲಿ?"

"ನನಗಾಗಿ ಕೇಳುತ್ತಿಲ್ಲ. ನಾನು ಕೆತ್ತಿ ತೆಗೆದಲ್ಲಿ ಮಸಿ ಹತ್ತುವುದಿಲ್ಲ. ಕಾಗದದ ಮೇಲೆ ಅಲ್ಲಿ ಬೆಳಕಾಗುತ್ತದೆ" ಎಂದಿತು ಉಳಿ.

"ಬೆಳಕು ಯಾರಿಗೆ ಬೇಕು?" ಎಂದು ಹಲಗೆ ಮೈ ಬಿಗಿದುಕೊಂಡಿತು. ಉಳಿಯ ಮೊನೆ ಜಾರಿತು. ಆದಷ್ಟನ್ನೇ ನೋಡೋಣವೆಂದು ಕೆತ್ತನೆಗಾರ ಮಸಿ ಹಚ್ಚಿ ಒಂದು ಪ್ರತಿ ತೆಗೆದ.

ಕಾಗದದ ಮೇಲಿನ ಹುಡುಗಿ ಅಳುಕುತ್ತ ಹಲಗೆಯನ್ನು ಕೇಳಿದಳು: "ಅಜ್ಜಾ, ನನ್ನ ಕೈಯಲ್ಲಿ ಲಾಂದ್ರ ಉರಿಯುತ್ತಿತ್ತೆಂದು ಕಥೆಯಲ್ಲಿದೆ. ಇಲ್ಲಿ ನೋಡಿದರೆ ಬರೀ ಕತ್ತಲೆ. ನಾನು ಮನೆಗೆ ಹೇಗೆ ಹೋಗಲಿ?"

ಆ ಕತ್ತಲೆ ತನ್ನದೇ ಎಂಬುದು ಹಲಗೆಗೆ ಈಗ ತಿಳಿಯಿತು. ಅದು ಉಳಿಯನ್ನು ಕರೆಯಿತು.

"ಬಾ ತಮ್ಮಾ. ಅವಳ ಕೈಯ ಹತ್ತಿರ ತೆಗೆ. ಕಾಲಿನ ಮುಂದೆಯೂ ತೆಗೆ."

"ನೋವಾದೀತು."

"ಆಗಲಿ. ಮಗುವಿಗೆ ದಾರಿ ಕಾಣಲಿ."

ಎರಡನೆಯ ಪ್ರತಿಯಲ್ಲಿ ಲಾಂದ್ರ ಬೆಳಗಿತು. ಮರಗಳ ನಡುವೆ ಒಂದು ಕಾಲುದಾರಿ ಬೆಳ್ಳಗೆ ತೆರೆದುಕೊಂಡಿತು. ಅಜ್ಜನಿಗೆ ಒಂದು ಮಾತು ಹೇಳುವುದನ್ನೂ ಮರೆತು ಹುಡುಗಿ ಮನೆಯ ಕಡೆ ಹೊರಟೇಬಿಟ್ಟಳು.