ಹಳೆಯ ಬಲೆಗೆ ಹಾಕಿದ ಗಂಟು

"ಗುರುಗಳೇ, ಫೋನಿನಲ್ಲಿ ಬರೆದದ್ದೂ ಮಾತು ಕೊಟ್ಟ ಹಾಗೆ ಆಗುತ್ತದೆಯೇ?" ಎಂದು ಶಿಷ್ಯ ಹೊನ್ನಪ್ಪ ಕೇಳಿದ.

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸದೆ, ಈ ಪ್ರಶ್ನೆ ಎಲ್ಲಿಂದ ಬಂತು ಎಂದರು.

ಹೊನ್ನಪ್ಪ ಹೇಳಿದ. ಆಶ್ರಮದ ತರಕಾರಿ ತೋಟಕ್ಕೆ ನವಿಲುಗಳ ಕಾಟ. ಮೇಲೆ ಹೊದಿಸಲು ಎಲ್ಲಾದರೂ ಹಳೆಯ ಮೀನುಬಲೆ ಸಿಗುತ್ತದೋ ನೋಡು ಎಂದು ಗುರುಗಳೇ ಅಪ್ಪಣೆ ಕೊಟ್ಟಿದ್ದರು. ಅವನು ಫೋನಿನಲ್ಲಿ ಹುಡುಕಿದ. ಮಾರುವವರು ಮೂವರು ಸಿಕ್ಕರು. ಒಬ್ಬ ಕೈಕೊಟ್ಟರೆ ಇನ್ನೊಬ್ಬ ಇರಲಿ ಎಂದು ಮೂವರಿಗೂ ಒಂದೇ ಮಾತು ಬರೆದ. ಯಾರಿಗೂ ಕೊಡಬೇಡಿ, ನನಗೇ ಇಡಿ, ಬಂದು ಒಯ್ಯುತ್ತೇನೆ. ಮೊದಲನೆಯವನ ಬಲೆ ಬಂತು, ತೋಟಕ್ಕೆ ಹೊದಿಸಿಯೂ ಆಯಿತು. ಉಳಿದಿಬ್ಬರು ಯಾವಾಗ ಬರುತ್ತೀರಿ ಎಂದು ಕೇಳುತ್ತಲೇ ಇದ್ದಾರೆ.

"ನೀನೇನು ಹೇಳಿದೆ?"

"ಏನೂ ಹೇಳಿಲ್ಲ. ಸುಮ್ಮನಿದ್ದರೆ ಅವರಿಗೇ ತಿಳಿಯುತ್ತದೆ ಅಂದುಕೊಂಡೆ."

ಗುರುಗಳು ಮೊರವನ್ನು ಪಕ್ಕಕ್ಕೆ ಸರಿಸಿದರು. ಸಿಟ್ಟು ಬಂದರೆ ಅವರ ದನಿ ಏರುವುದಿಲ್ಲ, ಇಳಿಯುತ್ತದೆ. ಆಗ ಬಹಳ ಇಳಿಯಿತು.

"ಒಂದು ಕತೆ ಹೇಳುತ್ತೇನೆ. ಇದರಲ್ಲಿ ಯಾರ ಹೆಸರೂ ಇಲ್ಲ. ಹೆಸರು ಹೇಳಿದರೆ ಬೈಯಲು ಒಬ್ಬ ಸಿಕ್ಕಿದ ಅಂತ ನಿನಗೆ ಸಮಾಧಾನವಾಗುತ್ತದೆ. ಸಮಾಧಾನ ಮಾಡುವ ಮನಸ್ಸು ನನಗೆ ಈಗ ಇಲ್ಲ" ಎಂದು ಶುರು ಮಾಡಿದರು.

ಒಂದು ಅಳಿವೆಯ ದಡದಲ್ಲಿ ಒಬ್ಬ ಮುದಿ ಮೀನುಗಾರನಿದ್ದ. ಹೊಳೆ ಸಮುದ್ರ ಸೇರುವ ಕಡೆ ನೀರಿನಲ್ಲಿ ಗೂಟಗಳನ್ನು ನೆಟ್ಟಿರುತ್ತಾರೆ. ಇಳಿತ ಶುರುವಾಗುವ ಮೊದಲು ಆ ಗೂಟಗಳಿಗೆ ಚೀಲದಂಥ ದೊಡ್ಡ ಬಲೆ ಕಟ್ಟಬೇಕು. ನೀರು ಇಳಿಯುವಾಗ ಸಿಗಡಿ ತಾನಾಗಿ ಬಂದು ಬೀಳುತ್ತದೆ. ಮುದುಕ ನಲವತ್ತು ವರ್ಷ ಅದೇ ಕೆಲಸ ಮಾಡಿದ್ದ. ಈಗ ಮೊಣಕಾಲು ನೀರಿಗೆ ಇಳಿಯಲು ಬಿಡುತ್ತಿರಲಿಲ್ಲ. ಬಲೆಯನ್ನು ಇಲಿ ಕಡಿಯುವ ಮೊದಲು ಮಾರಿಬಿಡೋಣ ಎಂದುಕೊಂಡ.

ಹಳೆ ಬಲೆ, ಹಳೆ ದೋಣಿ ಮಾರುವವರದೊಂದು ವಾಟ್ಸಾಪ್ ಗುಂಪಿತ್ತು. ಸೊಸೆಯ ಹತ್ತಿರ ಅದರಲ್ಲಿ ಹಾಕಿಸಿದ. ಬಲೆಯನ್ನು ಮಡಚಿಟ್ಟು ಫೋಟೊ ತೆಗೆಯಲು ಅವಳು ಹೋದಾಗ ಬೇಡ ಎಂದ. ಮರಳಿನ ಮೇಲೆ ಪೂರ್ತಿ ಬಿಡಿಸಿ ಹಾಸಿದ. ಮೂರು ಕಡೆ ಹರಿದಿದೆ, ಹೊಲಿದದ್ದು ನಾನೇ ಎಂದು ಬರೆಸಿದ. ಹರಿದ ಜಾಗದ ಫೋಟೊ ಬೇರೆ ಹಾಕಿಸಿದ. ಮಡಚಿದ ಬಲೆ ತೋರಿಸುವವನು ಕಳ್ಳ ಎಂಬುದು ಅವನ ಲೆಕ್ಕ.

ಕೊಳ್ಳುವವರು ಬಂದರು. ನಮಸ್ಕಾರವಿಲ್ಲ, ಊರು ಯಾವುದೆಂದಿಲ್ಲ, 'ಲಾಸ್ಟ್ ಎಷ್ಟು' ಎಂದೊಬ್ಬ. ಹರಿದಿದೆ ಎಂದು ಬರೆದಿದ್ದರೂ 'ಹರಿದಿದೆಯಾ' ಎಂದು ಇನ್ನೊಬ್ಬ. ಎದುರಿಗೆ ನಿಂತು ಹೀಗೆ ಮಾತಾಡಿದ್ದರೆ ಕಪಾಳಕ್ಕೆ ಬೀಳುತ್ತಿತ್ತು. ಫೋನಿಗೆ ಕಪಾಳವಿಲ್ಲವಲ್ಲ, ಬಚಾವಾದರು.

ಅವರ ನಡುವೆ ಪೇಟೆಯ ಒಬ್ಬ ಹೋಟೆಲಿನವನು ಬರೆದ. ಇವನು ಸಭ್ಯ. ಅಣ್ಣಾ ಎಂದ, ಕೈಮುಗಿದ ಚಿತ್ರ ಹಾಕಿದ. ಬೆಲೆಗೆ ಚೌಕಾಸಿ ಕೂಡ ಮಾಡಲಿಲ್ಲ. 'ಯಾರಿಗೂ ಕೊಡಬೇಡಿ, ಬುಧವಾರ ಬಂದು ಒಯ್ಯುತ್ತೇನೆ' ಎಂದು ಬರೆದ. ಅವನಿಗೆ ಬಲೆ ಬೇಕಾದದ್ದು ಮೀನು ಹಿಡಿಯುವುದಕ್ಕಲ್ಲ. ಹೊಸ ಹೋಟೆಲಿನ ಗೋಡೆಗೆ ತೂಗುಹಾಕುವುದಕ್ಕೆ. ಬಂಗುಡೆ ತಿನ್ನುವವರಿಗೆ ಕಡಲಿನ ನೆನಪಾಗಬೇಕಂತೆ.

ಮುದುಕನಿಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಆಮೇಲೆ ಮುದುಕ ಮಾಡಿದ್ದನ್ನು ಗಮನವಿಟ್ಟು ಕೇಳು. ಆ ದಡದಲ್ಲಿ ಹಳೆ ಬಲೆ ಕೊಳ್ಳುವುದಕ್ಕೆ ಒಂದು ಪದ್ಧತಿಯಿದೆ. ಬೇಕೆಂದವನು ಬಲೆಯ ಮೇಲಿನ ಹಗ್ಗಕ್ಕೆ ತನ್ನ ಕೈಯಾರೆ ಒಂದು ಗಂಟು ಹಾಕುತ್ತಾನೆ. ಗಂಟು ಬಿದ್ದ ಬಲೆಯನ್ನು ಬೇರೆ ಯಾರೂ ಕೇಳುವುದಿಲ್ಲ, ಮಾರುವವನೂ ಕೊಡುವುದಿಲ್ಲ. ಆಮೇಲೆ ಬೇಡವಾಯಿತೋ, ಅವನೇ ಬಂದು ಬಿಚ್ಚಬೇಕು. ಬಿಚ್ಚಿದರೆ ಯಾರೂ ಒಂದು ಮಾತು ಅನ್ನುವುದಿಲ್ಲ, ಚಾ ಕುಡಿಸಿ ಕಳಿಸುತ್ತಾರೆ. ಬಿಚ್ಚದೆ ತಲೆತಪ್ಪಿಸಿಕೊಂಡವನಿಗೆ ಮಾತ್ರ ಆ ದಡದಲ್ಲಿ ಮತ್ತೆ ಯಾರೂ ಒಂದು ತುಂಡು ಹಗ್ಗವನ್ನೂ ಮಾರುವುದಿಲ್ಲ.

ಹೋಟೆಲಿನವನು ದೂರದಲ್ಲಿದ್ದ. ಬರೆದದ್ದನ್ನು ಸೊಸೆ ಓದಿ ಹೇಳಿದಳು. ಮುದುಕ ಎದ್ದು ಹೋಗಿ, ಅವನ ಪರವಾಗಿ ತಾನೇ ಗಂಟು ಹಾಕಿದ.

ನೀನು ನಗಬಹುದು. ಅವನಿಗೆ ಫೋನಿನ ಮಾತು, ಬಾಯಿಯ ಮಾತು ಎಂದು ಎರಡು ಬಗೆ ಗೊತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಅವನ ಮನೆಗೆ ಒಬ್ಬ ಹೆಂಗಸು ಬಂದಳು. ಹೊಳೆಯಾಚೆಯವಳು. ಅವಳ ಮನೆಯಲ್ಲಿ ದುಡಿಯುವ ಕೈ ಅವಳದೊಂದೇ. ಮಳೆಗಾಲದ ನೆರೆಯಲ್ಲಿ ತೇಲಿಬಂದ ಮರದ ದಿಮ್ಮಿ ಅವಳ ಬಲೆಯನ್ನು ಹರಿದುಕೊಂಡು ಹೋಗಿತ್ತು. ಅವಳ ಹತ್ತಿರ ಫೋನಿರಲಿಲ್ಲ. ಇಲ್ಲೊಂದು ಬಲೆ ಮಾರುವುದಕ್ಕಿದೆ ಎಂದು ಹಿಂದಿನ ಸಂಜೆ ಯಾರೋ ಹೇಳಿದ್ದರು. ಕೇಳಿದ ಬೆಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನಡೆದೇ ಬಂದಿದ್ದಳು.

"ಅಣ್ಣ, ಇವತ್ತು ಸಂಜೆ ಇಳಿತಕ್ಕೆ ನನ್ನ ಸರದಿ" ಎಂದಳು.

ಸರದಿ ಎಂದರೆ ಏನು ಎಂದು ತಿಳಿದುಕೋ. ಗೂಟಗಳು ಕೆಲವೇ, ಮನೆಗಳು ಬಹಳ. ಅದಕ್ಕೆ ಒಂದೊಂದು ಮನೆಗೆ ವರ್ಷಕ್ಕೆ ಹದಿನೈದು ದಿನ. ಆ ಹದಿನೈದು ದಿನದ ಸಿಗಡಿಯಲ್ಲಿ ಮನೆಯ ವರ್ಷ ಸಾಗಬೇಕು. ಮೊದಲ ಇಳಿತಕ್ಕೆ ಬಲೆ ಕಟ್ಟದವರ ಸರದಿ ಮುಂದಿನ ಮನೆಗೆ ಹೋಗುತ್ತದೆ. ಎರವಲು ಬಲೆ ನಡೆಯುವುದಿಲ್ಲ. ನಡೆದಿದ್ದರೆ ಹತ್ತು ಬಲೆಯಿದ್ದವನು ಬಡವರ ಸರದಿಯನ್ನೆಲ್ಲ ಎಂದೋ ನುಂಗಿಬಿಡುತ್ತಿದ್ದ.

ಮುದುಕ ಬಲೆಯನ್ನು ನೋಡಿದ, ಅವಳನ್ನು ನೋಡಿದ. "ಗಂಟು ಬಿದ್ದಾಗಿದೆ ತಂಗಿ. ಪೇಟೆಯವರೊಬ್ರು ಇವತ್ತೇ ಬರ್ತೇನೆ ಅಂದಿದ್ದಾರೆ. ಅವರು ಬಿಚ್ಚದೆ ನಾನು ಹೇಗೆ ಕೊಡ್ಲಿ?"

"ಕೊಡದಿದ್ರೆ ನಾನು ವರ್ಷ ಇಡೀ ಎಂತ ತಿನ್ನುದು ಅಣ್ಣ?"

ಸೊಸೆ ಹೋಟೆಲಿನವನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಇಲ್ಲಿ ಒಬ್ಬರು ಕಾಯುತ್ತಿದ್ದಾರೆ, ಬಲೆ ಬೇಡವಾಗಿದ್ದರೆ ಬೇಡ ಅಂತ ಒಂದು ಮಾತು ಬರೆಯಿರಿ ಎಂದು ಕಳಿಸಿದಳು. ನೀಲಿ ಗೆರೆ ಬಂತು. ಅವನು ಓದಿದ್ದ. ಉತ್ತರ ಬರಲಿಲ್ಲ. ಹೆಂಗಸು ಜಗಲಿಯ ಮೇಲೆ ಕೂತಳು. ನೀರು ಕೊಟ್ಟರೂ ಕುಡಿಯಲಿಲ್ಲ.

ಸೂರ್ಯ ನೆತ್ತಿಗೆ ಬಂದ. ಮುದುಕ ಬಲೆಯನ್ನು ಗೋಣಿಚೀಲದಲ್ಲಿ ತುಂಬಿದ. "ನೀನು ಗೂಟದ ಹತ್ರ ಹೋಗು. ನಾನು ಬಿಚ್ಚಿಸ್ಕೊಂಡು ಸೀದಾ ಅಲ್ಲಿಗೇ ತರ್ತೇನೆ" ಎಂದು ಹೇಳಿ, ಚೀಲ ಹೊತ್ತು ಬಸ್ಸು ಹತ್ತಿದ. ಮೊಣಕಾಲು ಬಿಡದಿದ್ದರೂ ಹತ್ತಿದ.

ಹೋಟೆಲಿನಲ್ಲಿ ಊಟದ ಹೊತ್ತು, ಕಾಲಿಡಲು ಜಾಗವಿಲ್ಲ. ಗೋಡೆಯ ಮೇಲೆ ಆಗಲೇ ಒಂದು ಬಲೆ ತೂಗುತ್ತಿತ್ತು. ನೀರು ಕಾಣದ ಹೊಸ ಬಲೆ, ನಡುವೆ ಪ್ಲಾಸ್ಟಿಕ್ ನಕ್ಷತ್ರಮೀನು. ಹೋಟೆಲಿನವನು ಓಡಿಬಂದು ಮುದುಕನ ಕೈ ಹಿಡಿದುಕೊಂಡ. "ಅಯ್ಯೋ, ನೀವೇ ಬಂದ್ರಾ ಅಣ್ಣ. ಹೋದ ವಾರನೇ ಬೇರೆ ಕಡೆ ಸಿಕ್ಬಿಡ್ತು. ಬೇಡ ಅಂದ್ರೆ ನಿಮಗೆ ಬೇಜಾರಾಗತ್ತಲ್ಲ ಅಂತ ಸುಮ್ಮನಿದ್ದೆ. ಬನ್ನಿ, ಊಟ ಮಾಡ್ಕೊಂಡು ಹೋಗಿ" ಎಂದ.

ಬೇಜಾರಾಗುತ್ತದಂತೆ. ಈ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಬೆಕ್ಕಾದರೂ ಇಲಿಯ ಮುಂದೆ ಕೈಮುಗಿಯುವುದಿಲ್ಲ. ಇಲ್ಲ ಎನ್ನುವುದು ಒರಟುತನ ಎಂದು ನಮಗೆ ಯಾರು ಕಲಿಸಿದರೋ ಕಾಣೆ. ನೋಡೋಣ ಎನ್ನುತ್ತೇವೆ, ತಿಳಿಸುತ್ತೇನೆ ಎನ್ನುತ್ತೇವೆ, ಎದುರಿನವನನ್ನು ಅಲ್ಲೇ ನಿಲ್ಲಿಸಿ ನಾವು ಊಟಕ್ಕೆ ಏಳುತ್ತೇವೆ. ಅದಕ್ಕೆ ದಾಕ್ಷಿಣ್ಯ ಎಂದು ಹೆಸರು. ಅದು ದಾಕ್ಷಿಣ್ಯವಲ್ಲ, ಹೇಡಿತನ. ತಾನು ಒಳ್ಳೆಯವನು ಎನಿಸಿಕೊಳ್ಳುವ ಚಪಲ.

"ಊಟ ಬೇಡ. ಗಂಟು ಬಿಚ್ಚಿ ಕೊಡಿ" ಎಂದ ಮುದುಕ.

ಹೋಟೆಲಿನವನಿಗೆ ಅರ್ಥವಾಗಲಿಲ್ಲ. ಮುದುಕ ಪದ್ಧತಿಯನ್ನು ಹೇಳಿ ಹಗ್ಗ ತೋರಿಸಿದ. ಅವನು ನಕ್ಕ. ಕತ್ತರಿ ತನ್ನಿ ಎಂದು ಒಳಗೆ ಕೂಗಿದ. ಹಗ್ಗ ಕೊಯ್ದರೆ ಆ ಬಲೆ ನೀರಿನಲ್ಲಿ ನಿಲ್ಲುವುದಿಲ್ಲ. ಬೆರಳಿನಲ್ಲೇ ಬಿಚ್ಚಬೇಕು ಎಂದ ಮುದುಕ. ಹೋಟೆಲಿನವನು ಕೂತ. ಉಪ್ಪು ಕುಡಿದ ಹಗ್ಗ, ಗಂಟು ಕಲ್ಲಾಗಿತ್ತು. ಎರಡು ಸಲ ಎಳೆದ. ಗಿರಾಕಿ ಬಂದರೆಂದು ಎದ್ದ. ಮತ್ತೆ ಕೂತ, ಮತ್ತೆ ಎದ್ದ. ಪ್ರತಿ ಸಲ ಏಳುವಾಗಲೂ ಒಂದೇ ನಿಮಿಷ ಅಣ್ಣ ಎಂದ. ಅವನು ಗಂಟು ಬಿಚ್ಚಿ ಮುಗಿಸುವಾಗ ಮುದುಕನ ಬಸ್ಸು ಹೋಗಿತ್ತು.

ಮುಂದಿನ ಬಸ್ಸು ಹಿಡಿದು ಮುದುಕ ಅಳಿವೆಗೆ ಬಂದಾಗ ಹೆಂಗಸು ಸೊಂಟದ ತನಕ ನೀರಿನಲ್ಲಿದ್ದಳು. ಎರಡೂ ಕೈಯಲ್ಲಿ ಗೂಟವನ್ನು ತಬ್ಬಿಕೊಂಡಿದ್ದಳು. ಬಲೆ ಬರ್ತಾ ಉಂಟು, ಬರ್ತಾ ಉಂಟು ಎಂದು ಹೇಳುತ್ತಲೇ ಇದ್ದಳಂತೆ. ಮುಂದಿನ ಮನೆಯವರು ಕೆಟ್ಟವರಲ್ಲ, ಸ್ವಲ್ಪ ಹೊತ್ತು ಕಾದಿದ್ದರು. ನೀರು ಕಾಯಲಿಲ್ಲ. ಇಳಿತ ಶುರುವಾಗುವ ಹೊತ್ತಾಗುತ್ತಲೇ ಅವರು ತಮ್ಮ ಬಲೆ ಕಟ್ಟಿಬಿಟ್ಟಿದ್ದರು. ಗೂಟದಿಂದ ಅವಳ ಕೈ ಬಿಡಿಸಲು ಇಬ್ಬರು ಬೇಕಾಯಿತು.

ಮರುದಿನ ಮುದುಕ ಆ ಬಲೆಯನ್ನು ಅವಳ ಬಾಗಿಲಲ್ಲಿ ಇಟ್ಟುಬಂದ, ದುಡ್ಡು ಬೇಡ ಎಂದ. ಅವಳು ಅದನ್ನು ಹೊತ್ತು ತಂದು ಅವನ ಜಗಲಿಯ ಮೇಲೆ ಹಾಕಿ ಹೋದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ. ಆ ವರ್ಷ ಅವಳು ಬೇರೆಯವರ ಸಿಗಡಿ ಸುಲಿಯುವ ಶೆಡ್ಡಿಗೆ ಕೂಲಿಗೆ ಹೋದಳು. ಮಂಜುಗಡ್ಡೆಯಲ್ಲಿ ಕೈಯಿಟ್ಟು ಇಟ್ಟು ಅವಳ ಬೆರಳು ಸೆಟೆದುಕೊಂಡವು.

ಗುರುಗಳು ನಿಲ್ಲಿಸಿದರು. ಹೊನ್ನಪ್ಪ ನೆಲ ನೋಡುತ್ತಿದ್ದ.

"ಗುರುಗಳೇ, ಆ ಮುದುಕ ಗಂಟನ್ನು ತಾನೇ ಬಿಚ್ಚಿ ಅವಳಿಗೆ ಕೊಡಬಹುದಿತ್ತಲ್ಲ" ಎಂದ ಕೊನೆಗೆ.

"ಕೊಡಬಹುದಿತ್ತು. ಸಾಯುವ ತನಕ ಅವನೂ ಅದನ್ನೇ ಹೇಳಿಕೊಂಡು ಎದೆ ಬಡಿದುಕೊಂಡ. ಮಾತು ಉಳಿಸಿದವನಿಗೆ ನಿದ್ದೆ ಹೋಯಿತು. ಮಾತು ಮರೆತವನ ಹೋಟೆಲು ಚೆನ್ನಾಗಿ ನಡೆಯುತ್ತಿದೆ, ಗೋಡೆಯ ಬಲೆಯ ಮುಂದೆ ನಿಂತು ಜನ ಫೋಟೊ ತೆಗೆಸಿಕೊಳ್ಳುತ್ತಾರೆ. ನಿನಗೂ ತಪ್ಪು ಮೊದಲು ಕಂಡದ್ದು ಮುದುಕನಲ್ಲೇ ನೋಡು."

ಹೊನ್ನಪ್ಪನ ಮುಖ ಕೆಂಪಾಯಿತು. ಅವನು ಕೆಟ್ಟವನಲ್ಲ. ಆಶ್ರಮಕ್ಕೆ ಬಲೆ ಸಿಗಲಿ ಎಂಬುದಷ್ಟೇ ಅವನ ತಲೆಯಲ್ಲಿದ್ದದ್ದು. ಮಾರುವವರು ಇಬ್ಬರೂ ಅವನಿಗೆ ಬರೀ ಎರಡು ನಂಬರುಗಳಾಗಿದ್ದರು.

"ತಪ್ಪಾಯಿತು ಗುರುಗಳೇ. ಫೋನಿನಲ್ಲಿ ಬರೆದದ್ದೂ ಮಾತೇ. ನಾಳೆ ಬೆಳಿಗ್ಗೆ ಎದ್ದವನೇ ಇಬ್ಬರಿಗೂ ಬೇಡ ಎಂದು ತಿಳಿಸುತ್ತೇನೆ" ಎಂದು ಕೈಮುಗಿದ.

ಗುರುಗಳು ಅವನ ಮುಗಿದ ಕೈಗಳನ್ನು ನೋಡಿದರು, ಆಮೇಲೆ ಮುಖವನ್ನು.

"ನಾಳೆ ಎನ್ನುತ್ತೀಯಲ್ಲ, ಅವರಿಬ್ಬರ ಜಗಲಿಯ ಮೇಲೆ ಈಗ ಯಾರು ಕೂತಿದ್ದಾರೆ?"