ಕೊಂಡಿ ಇಲ್ಲದ ಚೇಳು

ಕುರುಚಲು ಕಾಡಿನ ನಡುವೆ ಒಂದು ಕಲ್ಲುಗುಡ್ಡೆ. ಅಲ್ಲಿ ಕೆಂಚವ್ವ ಎಂಬ ಮುಂಗುಸಿ ತನ್ನ ಒಬ್ಬನೇ ಮಗ ಬುಡ್ಡನನ್ನು ಕಟ್ಟಿಕೊಂಡು ಸಂಸಾರ ಮಾಡುತ್ತಿದ್ದಳು. ಮಕ್ಕಳೇ, ಮುಂಗುಸಿಗಳಿಗೆ ಚೇಳೆಂದರೆ ಹಬ್ಬದೂಟ. ಆದರೆ ಅದರ ಬಾಲದ ತುದಿಯಲ್ಲಿ ವಿಷದ ಕೊಂಡಿ ಇರುತ್ತದಲ್ಲ, ಅದೇ ತೊಂದರೆ!

ಮಗನಿಗೆ ನೋವಾದೀತೆಂದು ಕೆಂಚವ್ವ ಒಂದು ಉಪಾಯ ಹೂಡಿದ್ದಳು. ಚೇಳನ್ನು ಹಿಡಿದವಳೇ ಪೊದೆಯ ಮರೆಗೆ ಹೋಗಿ, ಕೊಂಡಿಯನ್ನು ಕಟಕ್ಕನೆ ಕಚ್ಚಿ ಉಗಿದು, ಆಮೇಲೆ ಬುಡ್ಡನ ಮುಂದೆ ಬಿಡುತ್ತಿದ್ದಳು. ಬುಡ್ಡ ಕುಪ್ಪಳಿಸಿ, ಪಲ್ಟಿ ಹೊಡೆದು ಅದರ ಮೇಲೆ ಬೀಳುತ್ತಿದ್ದ.

"ಭಲೇ ನನ್ನ ಹುಲಿ!" ಎಂದು ಕೆಂಚವ್ವ ಕುಣಿಯುತ್ತಿದ್ದಳು. ಆ ಹುಲಿಗೋ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ.

ಪಕ್ಕದ ಬೇಲಿಯ ಓತಿಕ್ಯಾತಜ್ಜ ತಲೆ ಆಡಿಸುತ್ತ ಹೇಳಿದ: "ಕೆಂಚವ್ವಾ, ಎಳೆಗೂಸಾಗಿದ್ದಾಗ ಸರಿ. ಈಗ ಬೆಳೆದಿದ್ದಾನೆ. ಕೊಂಡಿ ಇರುವ ಚೇಳನ್ನೂ ತೋರಿಸು. ಬಾಲವನ್ನು ನೀನೇ ಒತ್ತಿ ಹಿಡಿ, ಅವನು ನೋಡಲಿ."

"ಅಯ್ಯೋ ಅಜ್ಜಾ, ಮಗು ಹೆದರಿಕೊಂಡರೆ? ಜ್ವರ ಬಂದರೆ? ನಾನಿರುವಾಗ ಅವನಿಗೇಕೆ ಆ ಕಷ್ಟ!"

ಒಂದು ಬೆಳಿಗ್ಗೆ ಕೆಂಚವ್ವ ನೀರು ಕುಡಿಯಲು ಹಳ್ಳಕ್ಕೆ ಹೋಗಿದ್ದಳು. ತಿರುಗಿ ಬರುವಾಗ ನೋಡುತ್ತಾಳೆ, ಬುಡ್ಡ ತನ್ನ ಪ್ರತಾಪ ತೋರಿಸಲು ಮೊಲಗಳನ್ನು ಸಾಲಾಗಿ ಕೂರಿಸಿ, ಕಲ್ಲೊಂದನ್ನು ಉರುಳಿಸಿಬಿಟ್ಟಿದ್ದಾನೆ! ಅದರಡಿಯಿಂದ ಕರಿಚೇಳೊಂದು ಬಾಲವೆತ್ತಿ ಹೊರಬಂತು.

ಬುಡ್ಡನಿಗೆ ಕನಿಕರ ಉಕ್ಕಿತು. "ಅಯ್ಯೋ ಪಾಪ! ಚೇಳಣ್ಣಾ, ನಿನ್ನ ಬಾಲಕ್ಕೆ ಮುಳ್ಳು ಚುಚ್ಚಿಕೊಂಡಿದೆಯಲ್ಲ! ತೆಗೆಯಲೇ?"

ಚೇಳಿಗೆ ನಗು ತಡೆಯಲಾಗಲಿಲ್ಲ. "ದೊಡ್ಡ ಉಪಕಾರವಾಯಿತಪ್ಪ. ಇನ್ನೂ ಹತ್ತಿರ ಬಾ. ಮೂಗು ಇಲ್ಲಿಡು."

"ಬೇಡವೋ!" ಎಂದು ಕೆಂಚವ್ವ ಕೂಗುವಷ್ಟರಲ್ಲಿ ಚಟೀರ್! ಬುಡ್ಡನ ಮೂಗು ಬೋಂಡದಂತೆ ಉಬ್ಬಿತು, ಅವನು ಕಣ್ಣು ಮುಚ್ಚಿ ಬಿದ್ದ. ಮೊಲಗಳು ದಿಕ್ಕಾಪಾಲಾದವು. ಚೇಳು ಸಂದಿಗೆ ನುಸುಳಿತು. ಕೆಂಚವ್ವ ಓಡಿ ಬಂದು ಮಗನನ್ನು ಮಡಿಲಿಗೆಳೆದುಕೊಂಡು, "ಕಣ್ಣು ಬಿಡೋ ಕಂದಾ" ಎಂದು ಗೋಳಾಡಿದಳು.

ಸಂಜೆಯ ಹೊತ್ತಿಗೆ ಬುಡ್ಡ ಕಣ್ಣು ಬಿಟ್ಟ. "ಅವ್ವಾ, ನೀನು ತರುತ್ತಿದ್ದ ಚೇಳುಗಳಿಗೆ ಆ ಮುಳ್ಳು ಇರಲೇ ಇಲ್ಲವಲ್ಲ! ಯಾಕವ್ವ?"

ಕೆಂಚವ್ವನಿಗೆ ತುಂಬಾ ನಾಚಿಕೆಯಾಯಿತು.

ಮೂಗಿನ ಊತ ಇಳಿದ ಮೇಲೆ ಅವಳು ಕೊಂಡಿ ಇರುವ ಚೇಳನ್ನೇ ತಂದಳು. ಮೊದಮೊದಲು ಬಾಲವನ್ನು ತಾನೇ ಒತ್ತಿ ಹಿಡಿದಳು. ಕೊಂಡಿ ಎತ್ತ ತಿರುಗುತ್ತದೆಂದು ಬುಡ್ಡ ಕಣ್ಣರಳಿಸಿ ನೋಡಿದ. ಬರಬರುತ್ತ ಅವಳು ಹಿಡಿತ ಸಡಿಲಿಸಿದಳು. ಕೊನೆಗೊಂದು ದಿನ ಚೇಳನ್ನು ಪೂರ್ತಿ ಬಿಟ್ಟೇಬಿಟ್ಟಳು.

ಚೇಳು ಬಾಲ ಬೀಸಿತು, ಬುಡ್ಡ ಹಾರಿದ. ಮತ್ತೆ ಬೀಸಿತು, ಮತ್ತೆ ಹಾರಿದ. ಕೆಂಚವ್ವ ತಡೆಯಲಾರದೆ ಮುನ್ನುಗ್ಗಿದಳು. ಓತಿಕ್ಯಾತಜ್ಜ ಓಡಿ ಬಂದು ಅವಳ ಬಾಲ ಕಚ್ಚಿ ಹಿಡಿದ! ಅವಳು ಮುಂದಕ್ಕೆ, ಅಜ್ಜ ಹಿಂದಕ್ಕೆ, ಇಬ್ಬರೂ ಧೂಳಿನಲ್ಲಿ ಉರುಳಾಡಿದರು.

ಎದ್ದು ಕಣ್ಣುಜ್ಜಿಕೊಂಡು ನೋಡಿದರೆ, ಬುಡ್ಡ ಚೇಳನ್ನು ಮುಗಿಸಿ ಮೀಸೆ ಒರೆಸಿಕೊಳ್ಳುತ್ತಿದ್ದ.

"ಏನವ್ವಾ ನೀನು," ಎಂದು ಅವನು ಮುಖ ಊದಿಸಿದ, "ಇಷ್ಟು ಚೆನ್ನಾಗಿ ಹಿಡಿದೆ, ನೋಡಲೇ ಇಲ್ಲವಲ್ಲ!"

ನೀತಿ: ಕಲಿಸುವವರು ಕಷ್ಟವನ್ನು ಬಚ್ಚಿಡಬಾರದು, ಮೊದಲು ಜೊತೆಗಿದ್ದು ತೋರಿಸಬೇಕು, ಆಮೇಲೆ ಮೆಲ್ಲಗೆ ಹಿಂದೆ ಸರಿದು ನೋಡಬೇಕು.